ಎನ್‌ಐಸಿಯು ಡಾಕ್ಟರ್, ಸಿಸ್ಟರ್ ಹತ್ತಿರ ಏನು ಕೇಳಬೇಕು, ಹೆಂಡತಿಗೆ ಎಷ್ಟು ಹೇಳಬೇಕು?

ಹೊಸ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು 30 ವಾರಕ್ಕೇ ಹುಟ್ಟಿದ್ದಾಳೆ. ಎನ್‌ಐಸಿಯುನಲ್ಲಿದ್ದಾಳೆ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ. ಮೂಗಿಗೆ ಸಿಪ್ಯಾಪ್ ಹಾಕಿದ್ದಾರೆ, ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಾಧನ. ಹೆಂಡತಿಗೆ ಆಪರೇಷನ್ ಆಗಿದೆ, ಬಿಪಿ ಇನ್ನೂ ಹತೋಟಿಗೆ ಬಂದಿಲ್ಲ, ಬೇರೆ ವಾರ್ಡಿನಲ್ಲಿದ್ದಾಳೆ. ಅವಳು ಮಗುವಿನ ಮುಖವನ್ನೇ ನೋಡಿಲ್ಲ.

ನನ್ನ ಗೋಳು ಎರಡು. ಮೊದಲನೆಯದು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಳಗಿನ ಡಾಕ್ಟರ್ "ಚೆನ್ನಾಗಿದ್ದಾಳೆ" ಅನ್ನುತ್ತಾರೆ. ಸಂಜೆ ಬಂದವರು "ಈಗಲೇ ಏನೂ ಹೇಳಕ್ಕಾಗಲ್ಲ" ಅನ್ನುತ್ತಾರೆ. ರಾತ್ರಿ ಸಿಸ್ಟರನ್ನು ಕೇಳಿದರೆ "ಡಾಕ್ಟರ್ ಹತ್ರನೇ ಕೇಳಿ". ನಿನ್ನೆ ಇನ್ನೊಂದಾಯಿತು. ಮಾನಿಟರ್ ಮೇಲೆ ಆಕ್ಸಿಜನ್ ಅಂಕೆ 98 ಇತ್ತು. ಪರವಾಗಿಲ್ಲ ಅಂತ ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಸಿಸ್ಟರ್ ಬಂದು ಗುಂಡಿ ತಿರುಗಿಸಿ ಆಕ್ಸಿಜನ್ ಇಳಿಸಿದರು. ಅಂಕೆ 92ಕ್ಕೆ ಬಂತು. ಅವರು ತಿರುಗಿಯೂ ನೋಡದೆ ಪಕ್ಕದ ಮಗುವಿನ ಹತ್ತಿರ ಹೋದರು. ಚೆನ್ನಾಗಿರುವುದನ್ನು ಯಾಕೆ ಕೆಡಿಸಿದರು ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಎರಡನೆಯದು, ಮನೆಯವರೆಲ್ಲ "ಅವಳಿಗೆ ಏನೂ ಹೇಳಬೇಡ, ಬಿಪಿ ಏರುತ್ತೆ" ಅಂತಾರೆ. ಡಾಕ್ಟರೂ ನನ್ನೊಬ್ಬನನ್ನೇ ಹೊರಗೆ ಕರೆದು ಹೇಳುತ್ತಾರೆ. ನಾನು ವಾರ್ಡಿಗೆ ಹೋಗಿ ನಗುನಗುತ್ತಾ ಸುಳ್ಳು ಹೇಳಬೇಕು. "ಮಗು ಅಳ್ತಾಳಾ?" ಅಂತ ಕೇಳುತ್ತಾಳೆ. ಏನು ಹೇಳಲಿ?

ರಾತ್ರಿಪಾಳಿ ಸಿಸ್ಟರ್

ಅಣ್ಣ, ಮೊದಲು ಆ 98ರ ವಿಷಯ. ಆ ಸಿಸ್ಟರ್ ಮಾಡಿದ ಕೆಲಸ ಸರಿಯಾಗಿಯೇ ಇದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಹೊರಗಿನಿಂದ ಆಕ್ಸಿಜನ್ ಕೊಡುತ್ತಿರುವಾಗ ಅಂಕೆಯನ್ನು ಸಾಮಾನ್ಯವಾಗಿ 90ರಿಂದ 95ರ ಒಳಗೆ ಇಟ್ಟುಕೊಳ್ಳುತ್ತೇವೆ. ಅದಕ್ಕಿಂತ ಜಾಸ್ತಿ ಆದರೆ ಕಣ್ಣಿನ ಹಿಂಭಾಗದ ಎಳೆಯ ರಕ್ತನಾಳಗಳಿಗೆ ತೊಂದರೆ. 1940, 50ರ ದಶಕಗಳಲ್ಲಿ ಇದು ಗೊತ್ತಿಲ್ಲದೆ ಧಾರಾಳವಾಗಿ ಆಕ್ಸಿಜನ್ ಕೊಟ್ಟು ಸಾವಿರಾರು ಮಕ್ಕಳ ದೃಷ್ಟಿ ಹೋಯಿತು. ಆಮೇಲೆ ಹೆದರಿ ತೀರಾ ಕಡಿಮೆ ಮಾಡಿದಾಗ ಸಾವು ಹೆಚ್ಚಾಯಿತು. ಹಾಗಾಗಿ ಈ ನಡುವಿನ ಗೆರೆ. ಸಿಪ್ಯಾಪ್ ಇದ್ದರೂ ಬರೀ ಗಾಳಿಯಲ್ಲೇ 98 ಬಂದರೆ ಅದು ಖುಷಿಯ ವಿಷಯವೇ.

ಆದರೆ ನಿಮಗೆ ಹೇಳದೆ ಹೋದದ್ದು ಸರಿಯಲ್ಲ. "ಜಾಸ್ತಿ ಇದೆ, ಕಣ್ಣಿಗೆ ಒಳ್ಳೇದಲ್ಲ, ಇಳಿಸ್ತಿದ್ದೀನಿ." ಇಷ್ಟೇ ಮಾತು. ಅದನ್ನು ಹೇಳಿದ್ದರೆ ನಿಮಗೆ ನಿದ್ದೆ ಬರುತ್ತಿತ್ತು. ನಾವು ಈ ಕೆಲಸವನ್ನು ದಿನಕ್ಕೆ ಎಷ್ಟು ಸಲ ಮಾಡುತ್ತೇವೆ ಅಂದರೆ, ಪಕ್ಕದಲ್ಲಿ ನಿಂತಿರುವವರು ಮೊದಲ ಸಲ ನೋಡುತ್ತಿದ್ದಾರೆ ಅನ್ನೋದೇ ಮರೆತುಹೋಗುತ್ತದೆ.

"ಡಾಕ್ಟರ್ ಹತ್ರ ಕೇಳಿ" ಅನ್ನೋದಕ್ಕೂ ಕಾರಣ ಇದೆ. ಸ್ಕ್ಯಾನ್‌ನಲ್ಲಿ ಏನು ಬಂತು, ಮುಂದೆ ಏನಾಗಬಹುದು, ಇಂಥದ್ದನ್ನು ನಾವು ಹೇಳುವ ಹಾಗಿಲ್ಲ. ನೀವು "ಮಗು ಹೇಗಿದೆ?" ಅಂತ ಕೇಳಿದರೆ ಅದರಲ್ಲಿ ಇದೆಲ್ಲಾ ಸೇರಿಬಿಡುತ್ತದೆ. ಹಾಗಾಗಿ ಜಾರಿಕೊಳ್ಳುತ್ತೇವೆ. ಬದಲಿಗೆ ಹೀಗೆ ಕೇಳಿ ನೋಡಿ: ಈ ಪಾಳಿಯಲ್ಲಿ ಎಷ್ಟು ಎಂಎಲ್ ಹಾಲು ಹೋಯಿತು? ವಾಂತಿ ಮಾಡಿದಳಾ? ಎಷ್ಟು ಸಲ ಉಸಿರು ನಿಲ್ಲಿಸಿದಳು, ತಾನಾಗಿಯೇ ಸುಧಾರಿಸಿಕೊಂಡಳಾ ಅಥವಾ ನೀವು ಮುಟ್ಟಿ ಎಬ್ಬಿಸಬೇಕಾಯಿತಾ? ಇದಕ್ಕೆ ನಮ್ಮಷ್ಟು ಸರಿಯಾಗಿ ಡಾಕ್ಟರಿಗೂ ಉತ್ತರ ಗೊತ್ತಿರಲ್ಲ. ರಾತ್ರಿಯೆಲ್ಲ ಪಕ್ಕದಲ್ಲಿದ್ದವರು ನಾವು.

ಅವಳಿ ಮಕ್ಕಳಮ್ಮ

ನಿಮ್ಮ ಎರಡನೇ ಗೋಳಿಗೆ ನಾನು ಉತ್ತರ ಕೊಡ್ತೀನಿ, ಯಾಕೆಂದರೆ ನಾನು ಆ ವಾರ್ಡಿನ ಮಂಚದ ಮೇಲೆ ಮಲಗಿದ್ದವಳು.

ದಯವಿಟ್ಟು ಹೇಳಿ. ಇವತ್ತೇ ಹೇಳಿ.

ನನಗೂ ಮುಚ್ಚಿಟ್ಟಿದ್ದರು. ನಮ್ಮೆಜಮಾನರು ಬಾಗಿಲ ಹತ್ತಿರ ಮುಖ ಒರೆಸಿಕೊಂಡು ಒಳಗೆ ಬರೋದು ನನಗೆ ಕಾಣ್ತಿತ್ತು. "ಇಬ್ಬರೂ ಚೆನ್ನಾಗಿದ್ದಾರೆ" ಅನ್ನೋರು. ಚೆನ್ನಾಗಿದ್ದರೆ ಒಂದು ಫೋಟೋ ಯಾಕೆ ತೋರಿಸಲ್ಲ? ಒಂದು ಮಗು ಹೋಗಿಬಿಟ್ಟಿದೆ, ನನಗೆ ಹೇಳ್ತಿಲ್ಲ ಅಂತಲೇ ನಾನು ತೀರ್ಮಾನ ಮಾಡಿಕೊಂಡಿದ್ದೆ. ನಿಜಕ್ಕೂ ಇದ್ದದ್ದು ಒಬ್ಬನಿಗೆ ವೆಂಟಿಲೇಟರ್, ಇನ್ನೊಬ್ಬಳಿಗೆ ಬರೀ ಕಾಮಾಲೆಗೆ ನೀಲಿ ಲೈಟು. ನಾನು ಮನಸ್ಸಲ್ಲಿ ಕಟ್ಟಿಕೊಂಡಿದ್ದಕ್ಕೆ ಹೋಲಿಸಿದರೆ ವೆಂಟಿಲೇಟರ್ ಅನ್ನೋದು ಒಳ್ಳೇ ಸುದ್ದಿ!

ಕೊನೆಗೆ ಹೇಳಿದವರು ಮನೆಯವರಲ್ಲ. ಎನ್‌ಐಸಿಯುನಿಂದ ಒಬ್ಬ ಸಿಸ್ಟರ್ ಬಂದು ಮಂಚದ ಪಕ್ಕ ಸ್ಟೂಲ್ ಎಳೆದು ಕೂತರು. ನಿಂತುಕೊಂಡು ಹೇಳಲಿಲ್ಲ, ಕೂತರು. ಮೊದಲು "ನಿಮಗೆ ಇಲ್ಲಿವರೆಗೆ ಏನು ಹೇಳಿದ್ದಾರೆ?" ಅಂತ ಕೇಳಿದರು. ಆಮೇಲೆ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಗಂಟಲಲ್ಲಿ ಪೈಪ್ ಇರೋದ್ರಿಂದ ಅತ್ತರೂ ಸದ್ದು ಬರಲ್ಲ, ಅದು ನೋವಾಗಿ ಸುಮ್ಮನಿರೋದಲ್ಲ ಅಂತೆಲ್ಲ ಬಿಡಿಸಿ ಹೇಳಿದರು. ಆಮೇಲೆ ಫೋಟೋ ತೋರಿಸಿದರು. ಹೇಳದೇ ಫೋಟೋ ತೋರಿಸಿದ್ದರೆ ಹೆದರಿ ಹೋಗ್ತಿದ್ದೆ.

ಮತ್ತೆ ಹಾಲು. ಅವಳಿಗೆ ಏನೂ ಗೊತ್ತಿಲ್ಲದಿದ್ದರೆ ಹಾಲು ಯಾಕೆ ಹಿಂಡಬೇಕು ಅಂತಲೂ ಗೊತ್ತಾಗಲ್ಲ. ಮೊದಲ ದಿನಗಳಲ್ಲಿ ಬರೋದು ನಾಲ್ಕೇ ಹನಿ, ಹಳದಿ ಬಣ್ಣ. ಅಷ್ಟಕ್ಕೇ ಬೆಲೆ ಕಟ್ಟಕ್ಕಾಗಲ್ಲ. ಹೆರಿಗೆ ಆದ ಕೆಲವೇ ಗಂಟೆಗಳಲ್ಲಿ ಶುರು ಮಾಡಿ, ದಿನಕ್ಕೆ ಎಂಟು ಸಲವಾದರೂ ತೆಗೆದರೆ ಮಾತ್ರ ಹಾಲು ಕಟ್ಟುತ್ತೆ.

ಮೊಮ್ಮಕ್ಕಳ ಅಜ್ಜಿ

ಎಲ್ಲಾ ಸರಿ ಕಣಮ್ಮ. ಆದರೆ ಹಿರಿಯರು ಸುಮ್ನೆ ಬೇಡ ಅನ್ನಲ್ಲ. ಆ ಹುಡುಗಿಗೆ ಬಿಪಿ ಇದೆ. ಫಿಟ್ಸ್ ಬಂದರೆ? ಹೊಲಿಗೆ ಹಸಿ ಇದೆ. ಎರಡು ದಿನ ತಡೆದು ಹೇಳಿದರೆ ಏನು ಗಂಟು ಹೋಗುತ್ತೆ? ಎರಡು ಜೀವದಲ್ಲಿ ಒಂದಾದರೂ ನೆಮ್ಮದಿಯಾಗಿರಲಿ ಅಂತ ನೋಡೋದು ತಪ್ಪಾ?

ಮಕ್ಕಳ ಡಾಕ್ಟರ್

ಅಮ್ಮ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆ ಬಿಪಿ ಹೆರಿಗೆ ಆದ ಮೇಲೂ ಕೆಲವು ದಿನ ಅಪಾಯ ತರಬಹುದು, ಅದು ನಿಜ. ಆದರೆ ಅದನ್ನು ಹತೋಟಿಗೆ ತರುವುದು ಔಷಧಿ, ನಿಗಾ. ವಿಷಯ ಮುಚ್ಚಿಡುವುದು ಅದಕ್ಕೆ ಮದ್ದಲ್ಲ. ಅವರು ಈಗ ವೀಲ್‌ಚೇರಿನಲ್ಲಿ ಬರಬಹುದಾ ಅಂತ ಅವರ ಹೆರಿಗೆ ಡಾಕ್ಟರನ್ನು ಕೇಳಿ. ಬರುವ ಹಾಗಿಲ್ಲ ಅಂದರೆ ನಮ್ಮವರು ಯಾರಾದರೂ ಅಲ್ಲಿಗೆ ಹೋಗಿ ಹೇಳಬೇಕು. ಗಂಡನ ತಲೆ ಮೇಲೆ ಆ ಕೆಲಸ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರು ಅರ್ಧ ಕೇಳಿಸಿಕೊಂಡಿರುತ್ತಾರೆ, ಅದರಲ್ಲಿ ಅರ್ಧ ನೆನಪಿರುತ್ತದೆ, ಅದರಲ್ಲೂ ಕೆಟ್ಟದ್ದನ್ನು ತೆಗೆದು ಹೇಳುತ್ತಾರೆ. ತಾಯಿಗೆ ತಲುಪುವುದು ಏನು?

ಹೊಸ ಅಪ್ಪ, ಸಾಧ್ಯವಾದರೆ ಡಾಕ್ಟರಿಗೆ ಹೀಗೆ ಹೇಳಿ: "ನಮ್ಮಿಬ್ಬರಿಗೂ ಒಟ್ಟಿಗೇ ಹೇಳಿ. ಅವಳು ಬರಕ್ಕಾಗದಿದ್ದರೆ ಫೋನಿನಲ್ಲಿ ಸ್ಪೀಕರ್ ಹಾಕುತ್ತೇನೆ." ಬೇಡ ಅನ್ನುವ ಡಾಕ್ಟರ್ ಅಪರೂಪ. ನಾವು ಅಪ್ಪನನ್ನು ಕರೆಯುವುದು ಎಷ್ಟೋ ಸಲ ಅವರು ಬಾಗಿಲ ಹತ್ತಿರವೇ ಇರುತ್ತಾರೆ ಅನ್ನುವ ಒಂದೇ ಕಾರಣಕ್ಕೆ.

ಇನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಅನ್ನುವ ವಿಷಯ. ಬಹುಶಃ ಇಬ್ಬರೂ ನಿಜವನ್ನೇ ಹೇಳಿದ್ದಾರೆ. ಬೆಳಗಿನವರು ಹೇಳಿದ್ದು ಇವತ್ತಿನ ಉಸಿರಾಟದ ಬಗ್ಗೆ. ಸಂಜೆಯವರು ಹೇಳಿದ್ದು ಮುಂದಿನ ವಾರಗಳ ಬಗ್ಗೆ. 30 ವಾರದ ಮಗುವಿಗೆ ಸೋಂಕು, ಹಾಲು ಅರಗದಿರುವುದು, ತಲೆಯ ಸ್ಕ್ಯಾನ್, ಕಣ್ಣಿನ ಪರೀಕ್ಷೆ ಹೀಗೆ ಒಂದೊಂದಾಗಿ ದಾಟಬೇಕಾದ ಹಂತಗಳಿರುತ್ತವೆ. "ಇದು ಇವತ್ತಿನ ಮಾತಾ, ಮುಂದಿನ ಮಾತಾ?" ಅಂತ ನೀವೇ ಕೇಳಿಬಿಡಿ. ಇದನ್ನು ನಾವೇ ಬಿಡಿಸಿ ಹೇಳಬೇಕಿತ್ತು, ಹೇಳುವುದಿಲ್ಲ. ಡಾಕ್ಟರುಗಳ ಓದಿನಲ್ಲಿ ಇದಕ್ಕೆ ಸಿಕ್ಕುವ ಸಮಯ ತೀರಾ ಕಡಿಮೆ.

ಸಿಟ್ಟಿನ ಸಿಪಾಯಿ

ಎಲ್ಲರೂ ನಯವಾಗಿ ಮಾತಾಡ್ತಿದ್ದೀರಿ. ನನ್ನ ಅನುಭವ ಬೇರೆ. ಕೈಮುಗಿದು ನಿಂತಷ್ಟು ದಿನ ಒಬ್ಬರೂ ತಿರುಗಿ ನೋಡಲಿಲ್ಲ. ಎದೆಗೆ ಸೂಜಿ ಚುಚ್ಚಿ ಗಾಳಿ ತೆಗೆದಿದ್ದಾರೆ, ನನಗೆ ಗೊತ್ತಾಗಿದ್ದು ಮಾರನೇ ದಿನ ಸಹಿ ಹಾಕಿಸಿಕೊಳ್ಳುವಾಗ! ಟೇಬಲ್ ಕುಟ್ಟಿ ಕೂಗಾಡಿದ ಮೇಲೆ ದೊಡ್ಡ ಡಾಕ್ಟರ್ ಕೆಳಗೆ ಇಳಿದು ಬಂದರು. ಜೋರು ಮಾಡಿದರೇನೇ ಕೆಲಸ ಆಗೋದು ಸ್ವಾಮಿ.

ಮಕ್ಕಳ ಡಾಕ್ಟರ್

ಎದೆಯೊಳಗೆ ಗಾಳಿ ಸೇರಿಕೊಂಡರೆ ಕೆಲವೇ ನಿಮಿಷಗಳಲ್ಲಿ ತೆಗೆಯಬೇಕಾಗಬಹುದು. ಆಗ ಸಹಿಗೆ ಕಾಯುವ ಹಾಗಿಲ್ಲ. ಆದರೆ ಮುಗಿದ ತಕ್ಷಣ ಒಬ್ಬರು ಹೊರಗೆ ಬಂದು ಹೇಳಲೇಬೇಕು. ಮಾರನೇ ದಿನದವರೆಗೆ ಬಿಟ್ಟಿದ್ದು ತಪ್ಪು. ಅದಕ್ಕೆ ನಾನು ಸಮರ್ಥನೆ ಹುಡುಕುವುದಿಲ್ಲ.

ಕೂಗಾಟದ ವಿಷಯಕ್ಕೆ ಮಾತ್ರ ಒಂದು ಹೇಳುತ್ತೇನೆ. ಇಸ್ರೇಲಿನಲ್ಲಿ ಎನ್‌ಐಸಿಯು ತಂಡಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು, 2015ರಲ್ಲಿ ಪ್ರಕಟವಾಯಿತು. ಗೊಂಬೆಯ ಮಗುವಿಗೆ ಚಿಕಿತ್ಸೆ ಕೊಡುವ ಅಭ್ಯಾಸ. ಕೆಲವು ತಂಡಗಳಿಗೆ ಹೊರಗಿನಿಂದ ಬಂದ ತಜ್ಞರೊಬ್ಬರು ನಡುವೆ ಕೀಳಾಗಿ ಮಾತಾಡಿದರು. ಆ ತಂಡಗಳು ರೋಗ ಗುರುತಿಸುವುದರಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹಂಚಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಯಿತು. 2017ರಲ್ಲಿ ಅದೇ ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ಕೀಳಾಗಿ ಮಾತಾಡಿದ್ದು ಮಗುವಿನ ತಾಯಿ ಪಾತ್ರ ಮಾಡಿದವರು. ಆಗಲೂ ಕೆಲಸ ಕೆಟ್ಟಿತು.

ಗಮನಿಸಿ, ಮೊದಲ ಪ್ರಯೋಗದಲ್ಲಿ ಒರಟಾಗಿ ಮಾತಾಡಿದ್ದು ನಮ್ಮವರೇ. ಸಿಸ್ಟರುಗಳ ಮೇಲೆ ರೇಗುವ ಸೀನಿಯರ್‌ಗಳಿಗೆ ಇದನ್ನು ಅಪ್ಪಂದಿರಿಗಿಂತ ಮೊದಲು ಓದಿಸಬೇಕು.

ಸಿಟ್ಟಿನ ಸಿಪಾಯಿ

ಸರಿ ಡಾಕ್ಟ್ರೇ, ಒಪ್ಪಿದೆ. ಆದರೆ ಕೂಗಾಡದೆ ಕೇಳಿಸಿಕೊಳ್ಳುವ ಒಂದು ಜಾಗ ಇರಬೇಕಲ್ವಾ? ಅದನ್ನು ಹೇಳಿ.

ರಾತ್ರಿಪಾಳಿ ಸಿಸ್ಟರ್

ಇದೆ. ಆ ದಿನದ ಸಿಸ್ಟರ್ ಇನ್‌ಚಾರ್ಜ್. ಅವರಿಗೆ "ಇವತ್ತು ನನಗೆ ಡಾಕ್ಟರ್ ಹತ್ತಿರ ಹತ್ತು ನಿಮಿಷ ಬೇಕು, ಎಷ್ಟೊತ್ತಿಗೆ ಬರಲಿ?" ಅಂತ ಕೇಳಿ. "ಡಾಕ್ಟರ್ ಯಾವಾಗ ಸಿಗ್ತಾರೆ?" ಅಂದರೆ "ರೌಂಡ್ಸ್‌ನಲ್ಲಿದ್ದಾರೆ" ಅನ್ನುವ ಉತ್ತರ ಬರುತ್ತೆ. ಗಂಟೆ ಕೇಳಿದರೆ ಗಂಟೆ ಸಿಗುತ್ತೆ.

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಬ್ರಿಟನ್ನಿನ ಮಾನದಂಡದಲ್ಲಿ ವೆಂಟಿಲೇಟರಿನಂಥ ತೀವ್ರ ನಿಗಾದ ಮಗುವಿಗೆ ಒಬ್ಬ ನರ್ಸ್, ಅದಕ್ಕಿಂತ ಸ್ವಲ್ಪ ಪರವಾಗಿಲ್ಲ ಅನ್ನುವ ಮಕ್ಕಳಿಗೆ ಇಬ್ಬರಿಗೊಬ್ಬರು ಅಂತ ಇದೆ. ಅಷ್ಟು ಕೈ ಎಲ್ಲ ಕಡೆ ಇರಲ್ಲ. ಒಂದು ಮಗುವಿಗೆ ಟ್ಯೂಬಿನಲ್ಲಿ ಹಾಲು ಬಿಡುತ್ತಿರುವಾಗ ಇನ್ನೊಂದರ ಅಲಾರಂ ಹೊಡೆಯುತ್ತೆ. ಆಗ ಹಿಂದಿನಿಂದ ಯಾರಾದರೂ ಮಾತಾಡಿಸಿದರೆ ಮುಖ ಗಂಟಾಗಿರುತ್ತೆ. ಕೋಪ ಅಲ್ಲ, ಎಂಎಲ್ ಲೆಕ್ಕ ತಪ್ಪುತ್ತೆ ಅಂತ.

ಅಲಾರಂ ಅಂದ ಕೂಡಲೆ ನೆನಪಾಯಿತು. ಅದು ಹೊಡೆದಾಗ ನಾವು ಓಡಿ ಬರಲಿಲ್ಲ ಅಂತ ಎಷ್ಟೋ ಅಪ್ಪ ಅಮ್ಮ ಕಣ್ಣೀರು ಹಾಕಿದ್ದಾರೆ. ನಾವು ದೂರದಿಂದಲೇ ಮೊದಲು ಮಗುವನ್ನು ನೋಡುತ್ತೇವೆ. ಎದೆ ಏರಿಳಿಯುತ್ತಿದೆಯಾ, ತುಟಿ ಬಣ್ಣ ಹೇಗಿದೆ. ಆಮೇಲೆ ಪರದೆ ಮೇಲಿನ ಅಲೆ. ಎಷ್ಟೋ ಸಲ ಪಾದಕ್ಕೆ ಸುತ್ತಿದ ಕೆಂಪು ಲೈಟಿನ ಪಟ್ಟಿ ಸಡಿಲವಾಗಿರುತ್ತೆ, ಅಷ್ಟೇ. ನಿಜವಾಗಿ ಉಸಿರು ನಿಂತಿದ್ದರೆ ಅಂಗಾಲು ಮೆಲ್ಲಗೆ ಉಜ್ಜಿದರೆ ಹೆಚ್ಚಿನ ಮಕ್ಕಳು ಮತ್ತೆ ಶುರು ಮಾಡುತ್ತಾರೆ. ಇಪ್ಪತ್ತು ಸೆಕೆಂಡ್ ದಾಟಿದರೆ, ಅಥವಾ ಅದಕ್ಕಿಂತ ಮೊದಲೇ ಎದೆಬಡಿತ ಇಳಿದರೆ ನಾವು ಅದನ್ನು ಚಾರ್ಟಿನಲ್ಲಿ ಬರೆಯುತ್ತೇವೆ. ಮೊದಲ ದಿನವೇ ಯಾರಾದರೂ ಮಾನಿಟರ್ ಮುಂದೆ ನಿಲ್ಲಿಸಿ ಇದನ್ನು ತೋರಿಸಲಿ ಅಂತ ಕೇಳಿ. ಆಮೇಲೆ ನಿಮ್ಮ ಕಣ್ಣೂ ಪರದೆ ಬಿಟ್ಟು ಮಗಳ ಮೇಲೆ ಹೋಗುತ್ತೆ.

ಖಾಲಿ ತೊಟ್ಟಿಲು

ನಮ್ಮ ಮಗು ಉಳಿಯಲಿಲ್ಲ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಹೊಸ ಅಪ್ಪ, ನಿಮ್ಮ ಮಗಳ ಪರಿಸ್ಥಿತಿ ಬೇರೆ, ಇದನ್ನು ನಿಮಗೆ ಹೋಲಿಸಿಕೊಳ್ಳಬೇಡಿ. ಇಲ್ಲಿ ಸಿಬ್ಬಂದಿಯೂ ಓದುತ್ತಿದ್ದಾರಲ್ಲ, ಅವರಿಗಾಗಿ.

ಆ ಡಾಕ್ಟರ್ ನಮ್ಮನ್ನು ಬೇರೆ ಕೋಣೆಗೆ ಕರೆದು, ಫೋನ್ ಸಿಸ್ಟರ್ ಕೈಗೆ ಕೊಟ್ಟು ಬಂದು ಕೂತರು. ಸುತ್ತಿ ಬಳಸಿ ಮಾತಾಡಲಿಲ್ಲ. "ಔಷಧಿಗಳು ಇನ್ನು ಕೆಲಸ ಮಾಡುತ್ತಿಲ್ಲ, ಅವನು ಸಾಯುತ್ತಿದ್ದಾನೆ" ಅಂದರು. ಆಮೇಲೆ ಸುಮ್ಮನಿದ್ದರು. ತುಂಬಾ ಹೊತ್ತು. ಆ ಸುಮ್ಮನಿರುವಿಕೆಯನ್ನು ಮಾತಿನಿಂದ ತುಂಬಿಸಲು ಹೋಗಲಿಲ್ಲ. ನಾವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಎಲ್ಲಕ್ಕಿಂತ ಹೆಚ್ಚಾಗಿ, ಅವನನ್ನು ನಾವಿಟ್ಟ ಹೆಸರಿನಿಂದಲೇ ಕರೆದರು. ಅದಕ್ಕೆ ಮೊದಲು ಎಲ್ಲರಿಗೂ ಅವನು ಬೆಡ್ ನಂಬರ್ ಆಗಿದ್ದ.

"ದೇವರು ಇನ್ನೊಂದು ಕೊಡ್ತಾನೆ" ಅಂದವರೂ ಇದ್ದರು. ಅದನ್ನು ಮಾತ್ರ ಯಾರಿಗೂ ಹೇಳಬೇಡಿ.

ಮೊಮ್ಮಕ್ಕಳ ಅಜ್ಜಿ

ಅಯ್ಯೋ ಮಗಾ. ಆ ಕೊನೆಯ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತೆ. ನೀವು ಬರೆದದ್ದು ಒಳ್ಳೆಯದಾಯಿತು.

ಹೊಸ ಅಪ್ಪ

ಎಲ್ಲರಿಗೂ ಧನ್ಯವಾದ. ಖಾಲಿ ತೊಟ್ಟಿಲು ಅವರೇ, ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಓದಿದೆ.

ಹೆಂಡತಿಗೆ ಹೇಳಿದೆ. ಅತ್ತಳು. ಬಿಪಿ ಮಾತ್ರೆಯ ಜೊತೆಗೇ ಅತ್ತಳು ಅನ್ನಿ. ಅತ್ತು ಮುಗಿಸಿ ಕೇಳಿದ ಮೊದಲ ಪ್ರಶ್ನೆ, "ಅವಳ ಪಕ್ಕ ಈಗ ಯಾರಿದ್ದಾರೆ? ನೀನ್ಯಾಕೆ ಇಲ್ಲಿ ಕೂತಿದ್ದೀಯ?" ಹೆರಿಗೆ ಡಾಕ್ಟರ್ ಒಪ್ಪಿದ ಮೇಲೆ ವೀಲ್‌ಚೇರಿನಲ್ಲಿ ಕರೆದುಕೊಂಡು ಹೋದೆವು. ಅಲ್ಲಿದ್ದ ಸಿಸ್ಟರ್ ಅವಳಿಗೆ ಮುಟ್ಟೋದು ಹೇಗೆ ಅಂತ ತೋರಿಸಿದರು. ಬೆರಳಿಂದ ಸವರಬಾರದಂತೆ, ಈ ಮಕ್ಕಳ ಚರ್ಮಕ್ಕೆ ಅದು ಕಿರಿಕಿರಿ. ಒಂದು ಅಂಗೈ ತಲೆಗೆ, ಇನ್ನೊಂದು ಮಡಚಿದ ಕಾಲಿಗೆ ಇಟ್ಟು ಅಲ್ಲಾಡದೆ ಹಿಡಿಯಬೇಕು. ನಾನು ಇಷ್ಟು ದಿನ ಗಾಜಿನ ಆಚೆ ನಿಂತು ನೋಡಿದ್ದೇ ಬಂತು, ನನಗೆ ಯಾರೂ ಇದನ್ನು ಹೇಳಿರಲಿಲ್ಲ!

ಈಗ ಇನ್ನೊಂದು ಪ್ರಶ್ನೆ. ಎದೆ ಮೇಲೆ ಹಾಕಿಕೊಳ್ಳುವ ಕಂಗಾರೂ ಆರೈಕೆ ಬಗ್ಗೆ ಕೇಳಿದೆ. ಒಬ್ಬರು "ಸಿಪ್ಯಾಪ್ ತೆಗೆದ ಮೇಲೆ ನೋಡೋಣ" ಅಂದರು, ಇನ್ನೊಬ್ಬರು "ಈಗಲೇ ಮಾಡಬಹುದು" ಅಂದರು. ಮತ್ತೆ ಅದೇ ಕಥೆ.

ಮಕ್ಕಳ ಡಾಕ್ಟರ್

ಇದರಲ್ಲಿ ಇಬ್ಬರೂ ಸರಿ ಅನ್ನುವ ಹಾಗಿಲ್ಲ. ಸಿಪ್ಯಾಪ್ ಇದ್ದರೂ ಕಂಗಾರೂ ಆರೈಕೆ ಮಾಡಬಹುದು. ಉಸಿರು, ಎದೆಬಡಿತ ತೀರಾ ಏರುಪೇರಾಗುತ್ತಿದ್ದರೆ ಮಾತ್ರ ಕಾಯಬೇಕು.

ಇದು ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಅವರು ತಾಯಂದಿರ ಎದೆಯನ್ನೇ ಬಳಸಿದರು. ತುಂಬಾ ವರ್ಷ "ಮಗು ಸ್ವಲ್ಪ ಗಟ್ಟಿಯಾದ ಮೇಲೆ" ಅನ್ನುವುದೇ ರೂಢಿಯಾಗಿತ್ತು. 2021ರಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳಲ್ಲಿ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ಹುಟ್ಟಿದಾಗ 1 ಕಿಲೋದಿಂದ 1.8 ಕಿಲೋ ಒಳಗಿದ್ದ ಮಕ್ಕಳಿಗೆ, ಗಟ್ಟಿಯಾಗಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಶುರು ಮಾಡಿದರು. ಮೊದಲ 28 ದಿನಗಳ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು. ಅದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆದಷ್ಟು ಬೇಗ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ಶಿಫಾರಸು ಮಾಡಿತು. ಆದರೆ ಹಳೇ ರೂಢಿ ಒಂದೇ ಸಲಕ್ಕೆ ಹೋಗುವುದಿಲ್ಲ. ಹಾಗಾಗಿ ಎರಡು ಉತ್ತರ.

ನೀವು ಹೀಗೆ ಕೇಳಿ: "ಈಗ ಬೇಡ ಅನ್ನುವುದಕ್ಕೆ ಅವಳಲ್ಲಿ ಏನು ಕಾರಣ ಇದೆ? ಏನು ಸರಿಹೋದರೆ ಶುರು ಮಾಡಬಹುದು?" ಕಾರಣ ಇದ್ದರೆ ಹೇಳುತ್ತಾರೆ. ಇಲ್ಲದಿದ್ದರೆ ಕುರ್ಚಿ ತರಿಸುತ್ತಾರೆ. ತಾಯಿಗೆ ಆಗದ ಹೊತ್ತಿನಲ್ಲಿ ನೀವೂ ಹಾಕಿಕೊಳ್ಳಬಹುದು.

ಅವಳಿ ಮಕ್ಕಳಮ್ಮ

ನಾನು ಸೇರಿಸೋದು ಇಷ್ಟೇ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತೂಕ, ಹಾಲು, ಯಾರು ಏನು ಹೇಳಿದರು, ನಾಳೆ ಕೇಳಬೇಕಾದ್ದು. ತಪ್ಪು ಹುಡುಕಕ್ಕೆ ಅಂತ ತೋರದ ಹಾಗೆ, ಮೊದಲೇ "ನನಗೆ ನೆನಪಿರಲ್ಲ, ಬರ್ಕೊಳ್ತೀನಿ" ಅಂದುಬಿಡಿ. ನಿದ್ದೆಗೆಟ್ಟ ತಲೆಯಲ್ಲಿ ಏನೂ ನಿಲ್ಲಲ್ಲ. ತೂಕ ಮೊದಲ ದಿನಗಳಲ್ಲಿ ಇಳಿಯುತ್ತೆ, ಅದನ್ನು ಬರೆದುಕೊಂಡು ಗಾಬರಿಯಾಗಬೇಡಿ. ಹುಟ್ಟಿದ ತೂಕಕ್ಕೆ ವಾಪಸ್ ಬರಕ್ಕೆ ಎರಡು ವಾರ ಹಿಡಿಯಬಹುದು.

ರಾತ್ರಿಪಾಳಿ ಸಿಸ್ಟರ್

ಡಾಕ್ಟರ್ ಏನೋ ವಿವರಿಸಿದ ಮೇಲೆ, "ನಾನು ಅರ್ಥಮಾಡಿಕೊಂಡಿದ್ದು ಹೀಗೆ, ಸರೀನಾ?" ಅಂತ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ನಿಜಕ್ಕೂ ಇದನ್ನು ನಾವೇ ಕೇಳಬೇಕು. ನಮ್ಮಲ್ಲಿ ಹೊಸಬರಿಗೆ ಹಾಗೇ ಕಲಿಸುತ್ತೇವೆ. "ಅರ್ಥವಾಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ನಾನು ಎಷ್ಟು ಸಲ ನೋಡಿದ್ದೇನೆ, "ಹಾಲು ನಿಲ್ಲಿಸಿದ್ದೀವಿ" ಅಂದರೆ ಮನೆಯವರಿಗೆ ಮಗುವನ್ನು ಹಸಿವಿನಲ್ಲಿ ಇಟ್ಟಿದ್ದಾರೆ ಅಂತ ಕೇಳಿಸಿರುತ್ತೆ. ಹೊಟ್ಟೆ ಉಬ್ಬಿದೆ, ಕರುಳಿಗೆ ವಿಶ್ರಾಂತಿ ಬೇಕು, ಅಷ್ಟು ಹೊತ್ತು ರಕ್ತನಾಳದ ಮೂಲಕ ಪೋಷಣೆ ಹೋಗುತ್ತೆ ಅನ್ನೋ ಅರ್ಧ ಭಾಗವನ್ನು ನಾವು ಹೇಳಿರಲ್ಲ.

ಸಿಟ್ಟಿನ ಸಿಪಾಯಿ

ನನ್ನದೊಂದು ಕೊಂಕು ಪ್ರಶ್ನೆ. ಅಪ್ಪ ಅಮ್ಮನನ್ನು ಒಳಗೆ ಬಿಟ್ಟರೆ ಸೋಂಕು ಬರುತ್ತೆ ಅಂತಾರಲ್ಲ, ಅದು ನಿಜಾನಾ ಅಥವಾ ನಮ್ಮನ್ನು ದೂರ ಇಡೋ ನೆಪಾನಾ?

ಮಕ್ಕಳ ಡಾಕ್ಟರ್

ನೆಗಡಿ, ಜ್ವರ ಇದ್ದವರು ಬರಬಾರದು. ಕೈ ತೊಳೆಯದೆ ಯಾರೂ ಮುಟ್ಟಬಾರದು, ನಾವೂ ಸೇರಿ. ಹತ್ತು ಜನ ನೆಂಟರು ಬರುವುದು ಬೇರೆ. ಅಪ್ಪ ಅಮ್ಮ ಬೇರೆ. ಎಸ್ಟೋನಿಯಾದ ಟಾಲಿನ್ನಿನಲ್ಲಿ 1979ರಷ್ಟು ಹಿಂದೆಯೇ, ನರ್ಸ್‌ಗಳ ಕೊರತೆಯಿಂದಾಗಿ ಡಾ. ಆದಿಕ್ ಲೆವಿನ್ ತಾಯಂದಿರನ್ನೇ ಆರೈಕೆಗೆ ಒಳಗೆ ತಂದರು. ಆ ಮಾದರಿ ಮುಂದೆ ಕೆನಡಾಕ್ಕೆ ಹೋಯಿತು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಎನ್‌ಐಸಿಯುಗಳ ಅಧ್ಯಯನ 2018ರಲ್ಲಿ ಬಂತು. ಅಪ್ಪ ಅಮ್ಮ ದಿನವೂ ಗಂಟೆಗಟ್ಟಲೆ ಇದ್ದು, ಡೈಪರ್ ಬದಲಿಸಿ, ಹಾಲು ಕೊಟ್ಟು, ರೌಂಡ್ಸ್‌ನಲ್ಲಿ ತಾವೇ ಮಗುವಿನ ವರದಿ ಹೇಳುತ್ತಿದ್ದ ಕಡೆ ಮಕ್ಕಳ ತೂಕ ಚೆನ್ನಾಗಿ ಏರಿತು. ಅಪ್ಪ ಅಮ್ಮನ ಆತಂಕವೂ ಇಳಿಯಿತು. ಹಾಗಾಗಿ, ಬರೀ ಸೋಂಕಿನ ಹೆಸರಿನಲ್ಲಿ ಇಬ್ಬರನ್ನೂ ದಿನವಿಡೀ ಹೊರಗೆ ಕೂರಿಸುವುದಕ್ಕೆ ನಾನು ಒಪ್ಪುವುದಿಲ್ಲ.

ಹೊಸ ಅಪ್ಪ

ರೌಂಡ್ಸ್‌ನಲ್ಲಿ ನಿಲ್ಲಬಹುದಾ ಅಂತ ಸಿಸ್ಟರ್ ಇನ್‌ಚಾರ್ಜ್‌ರನ್ನು ಕೇಳಿದೆ. "ನಿಮ್ಮ ಮಗು ಹತ್ತಿರ ಬಂದಾಗ ನಿಲ್ಲಿ, ಬೇರೆ ಮಕ್ಕಳ ವಿಷಯ ಮಾತಾಡುವಾಗ ಹೊರಗಿರಿ" ಅಂದರು. ನ್ಯಾಯವೇ. ನಾಳೆಯಿಂದ ನಿಲ್ಲುತ್ತೇನೆ. ಹೆಂಡತಿ ಈಗಾಗಲೇ ನೋಟ್‌ಬುಕ್ಕಿನಲ್ಲಿ ನನಗಿಂತ ಉದ್ದದ ಪಟ್ಟಿ ಬರೆದಿದ್ದಾಳೆ. ಮೊದಲ ಪ್ರಶ್ನೆ ಕಣ್ಣಿನ ಪರೀಕ್ಷೆ ಯಾವಾಗ ಅಂತ.

ರಾತ್ರಿಪಾಳಿ ಸಿಸ್ಟರ್

ಒಳ್ಳೇ ಪ್ರಶ್ನೆ. ಸಾಮಾನ್ಯವಾಗಿ ಹುಟ್ಟಿ ನಾಲ್ಕು ವಾರದ ಹೊತ್ತಿಗೆ ಮೊದಲನೆಯದು ಮಾಡುತ್ತಾರೆ. ತಾರೀಖು ಬರೆಸಿಕೊಳ್ಳಿ. ಅಷ್ಟರೊಳಗೆ ಮಗಳು ಬೇರೆ ವಾರ್ಡಿಗೋ ಮನೆಗೋ ಹೋದರೂ ಆ ತಾರೀಖು ತಪ್ಪಬಾರದು.